37 ವರ್ಷದ ಅನುಭವವನ್ನು ಮೂರು ವಾರದಲ್ಲಿ ಎಕ್ಸೆಲ್ ಹಾಳೆಗೆ ಇಳಿಸುವುದು ಹೇಗೆ?

ಫರ್ನೆಸ್ ಪಕ್ಕದವನು

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನ ಒಂದು ಸಾರ್ವಜನಿಕ ಉದ್ದಿಮೆಯಲ್ಲಿ ಮೇಂಟೆನೆನ್ಸ್ ಎಂಜಿನಿಯರ್. ಯಾವುದು ಅಂತ ಕೇಳಬೇಡಿ. ಗೇಟಿನ ಒಳಗೆ ಫೋನ್ ಕೂಡ ಬಿಡದ ಜಾಗ ಎಂದಷ್ಟೇ ಹೇಳುತ್ತೇನೆ.

ನಮ್ಮ ಹೀಟ್ ಟ್ರೀಟ್‌ಮೆಂಟ್ ಶಾಪಿನ (ಲೋಹದ ಪಾರ್ಟುಗಳನ್ನು ಫರ್ನೆಸ್‌ನಲ್ಲಿ, ಅಂದರೆ ಕುಲುಮೆಯಲ್ಲಿ, ಕಾಯಿಸಿ ಗಟ್ಟಿ ಮಾಡುವ ಜಾಗ) ಫೋರ್‌ಮನ್ ಈ ತಿಂಗಳ ಕೊನೆಯ ದಿನ ನಿವೃತ್ತರಾಗುತ್ತಾರೆ. ಐಟಿಐ ಮುಗಿಸಿ ಅಪ್ರೆಂಟಿಸ್ ಆಗಿ ಬಂದವರು. (ಐಟಿಐ ಅಂದರೆ ಕೋರ್ಸು, ದೂರವಾಣಿನಗರದ ಕಂಪನಿ ಅಲ್ಲ. ಬೆಂಗಳೂರಿನಲ್ಲಿ ಇದನ್ನು ಬಿಡಿಸಿ ಹೇಳಲೇಬೇಕು.) 37 ವರ್ಷ ಅದೇ ಫರ್ನೆಸ್‌ಗಳ ಮುಂದೆ ಕಳೆದಿದ್ದಾರೆ.

ಹೋದ ವಾರ ಎಚ್‌ಆರ್‌ನಿಂದ ಒಂದು ಎಕ್ಸೆಲ್ ಹಾಳೆ ಬಂತು. ಹೆಸರು 'ಜ್ಞಾನ ಹಸ್ತಾಂತರ ನಮೂನೆ'. 14 ಕಾಲಂ ಇವೆ. ಮೂರು ವಾರದೊಳಗೆ ತುಂಬಿಸಿ ಕಳಿಸಬೇಕಂತೆ. ನಾನು ಪೆನ್ನು ಹಿಡಿದು ಅವರ ಪಕ್ಕ ಕೂತೆ. "ಸರ್, ನಿಮಗೆ ಗೊತ್ತಿರೋದನ್ನೆಲ್ಲ ಹೇಳಿ, ಬರೆದುಕೊಳ್ತೀನಿ" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನಂಗೆ ಏನು ಗೊತ್ತಿದೆ ಅಂತ ನಂಗೆ ಹೇಗಪ್ಪಾ ಗೊತ್ತಾಗುತ್ತೆ? ಏನಾದ್ರೂ ಕೆಟ್ಟಾಗ ಬಂದು ಕೇಳು, ಹೇಳ್ತೀನಿ" ಎಂದರು.

'ಪ್ರಮುಖ ಕೌಶಲಗಳು' ಅನ್ನುವ ಕಾಲಂನಲ್ಲಿ ಸದ್ಯಕ್ಕೆ "ಫರ್ನೆಸ್ ನಡೆಸುವುದು" ಅಂತ ಇದೆ. ಉಳಿದ 13 ಖಾಲಿ.

ನಿಮ್ಮ ಕಡೆ ಇದನ್ನು ಹೇಗೆ ಮಾಡಿದ್ದೀರಿ? ಮಾಡಿದ್ದು ಕೆಲಸಕ್ಕೆ ಬಂತಾ?

ಟಪಾಲು ಸೆಕ್ಷನ್

ಎಕ್ಸೆಲ್ ಆದರೂ ಬಂತಲ್ಲ, ಪುಣ್ಯ. ನಾನು ಸರ್ಕಾರಿ ಕಚೇರಿಯಲ್ಲಿ ಎಫ್‌ಡಿಎ. ನಮ್ಮಲ್ಲಿ ಪ್ರಭಾರ ವಹಿಸಿಕೊಡುವುದು ಅಂದರೆ ಬೀರು ಕೀ, ಕಡತಗಳ ಪಟ್ಟಿ, ಎರಡು ಸಹಿ. ಹತ್ತು ನಿಮಿಷದ ಕೆಲಸ. ಯಾವ ಕಡತದ ಹಿಂದೆ ಏನು ಕಥೆ ಇದೆ, ಯಾವ ಅರ್ಜಿದಾರರು ಕೋರ್ಟಿಗೆ ಹೋಗಿ ಬಂದಿದ್ದಾರೆ, ಯಾವ ಸುತ್ತೋಲೆಯನ್ನು ಆಮೇಲಿನ ಇನ್ನೊಂದು ಸುತ್ತೋಲೆ ಹೊಡೆದುಹಾಕಿದೆ, ಇದೆಲ್ಲ ಪಟ್ಟಿಯಲ್ಲಿ ಬರುವುದಿಲ್ಲ. ಹೊಸಬರು ಬಂದು ಆರು ತಿಂಗಳು ಎಡವಿ ಎಡವಿ ಕಲಿಯುತ್ತಾರೆ. ಕಲಿಯುವಷ್ಟರಲ್ಲಿ ವರ್ಗಾವಣೆ.

ಯಾಕೆ ಬರೆಯುವುದಿಲ್ಲ ಅಂದರೆ ಸೋಮಾರಿತನ ಒಂದೇ ಅಲ್ಲ. ಬಾಯಲ್ಲಿ ಹೇಳಿದರೆ ಅದು ಸಲಹೆ. ಬರೆದುಕೊಟ್ಟರೆ ಅದು ದಾಖಲೆ. ನಾಳೆ ಆಡಿಟ್‌ನವರು ಬಂದು "ಈ ಟಿಪ್ಪಣಿ ಯಾರದ್ದು?" ಅಂತ ಕೇಳಿದರೆ ಕೈ ಎತ್ತಬೇಕಾದವರು ನಾವೇ.

ತಮಾಷೆ ಏನು ಗೊತ್ತಾ? ಕಾನೂನೇ ಇದನ್ನು ಬರೆದಿಡಿ ಅನ್ನುತ್ತದೆ. 2005ರ ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ನೋಡಿ. ನೌಕರರು ಕೆಲಸಕ್ಕೆ ಬಳಸುವ ನಿಯಮ, ಸೂಚನೆ, ಕೈಪಿಡಿ, ದಾಖಲೆ ಎಲ್ಲವನ್ನೂ ಪ್ರಕಟಿಸಬೇಕು. ಕಾಯ್ದೆ ಬಂದ 120 ದಿನದೊಳಗೆ ಅಂತ ಗಡುವೂ ಇತ್ತು. ಆ ಪುಸ್ತಕ ನಾನು ಇದ್ದ ಕಚೇರಿಯಲ್ಲೂ ಇತ್ತು. ಪ್ರತಿ ವರ್ಷ ಮುಖಪುಟದ ಇಸವಿ ಮಾತ್ರ ಬದಲಾಗುತ್ತಿತ್ತು. ಒಳಗೆ ನಿವೃತ್ತರಾದವರ ಫೋನ್ ನಂಬರೇ ಇತ್ತು.

ನೀಲಿ ಬೆರಳು

ತಮ್ಮಾ, ನಿಮ್ಮ ಫೋರ್‌ಮನ್ ಸರಿಯಾಗಿಯೇ ಹೇಳಿದ್ದಾರೆ.

ನಾನು ನಿವೃತ್ತ ಫಿಟ್ಟರ್. ಲೇತ್ (ಲೋಹ ಕಡೆಯುವ ಯಂತ್ರ) ಮಾಡುವ ಕಾರ್ಖಾನೆಯಲ್ಲಿ ಸ್ಕ್ರೇಪಿಂಗ್ ಮಾಡುತ್ತಿದ್ದೆ. ಈಗಿನವರಿಗೆ ಗೊತ್ತಿರಲಿಕ್ಕಿಲ್ಲ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಲೇತಿನ ಬೆಡ್ ಮೇಲೆ ಕ್ಯಾರೇಜ್ ಜಾರುತ್ತದಲ್ಲ, ಆ ಮೈ ಸಮ ಇರಬೇಕು. ಮೆಷಿನ್ನಿನಲ್ಲಿ ಎಷ್ಟೇ ಗ್ರೈಂಡ್ ಮಾಡಿದರೂ ಕೊನೆಯ ಕೆಲಸ ಕೈಯದ್ದೇ. ಸರ್ಫೇಸ್ ಪ್ಲೇಟಿಗೆ, ಅಂದರೆ ಪಕ್ಕಾ ಸಮ ಇರುವ ಹಲಗೆಗೆ, ಪ್ರಷ್ಯನ್ ಬ್ಲೂ ಅನ್ನುವ ನೀಲಿ ಬಣ್ಣ ತೆಳ್ಳಗೆ ಹಚ್ಚಬೇಕು. ಅದನ್ನು ಬೆಡ್ ಮೇಲೆ ಉಜ್ಜಬೇಕು. ಎಲ್ಲಿ ನೀಲಿ ಅಂಟಿತೋ ಅಲ್ಲಿ ಉಬ್ಬಿದೆ ಅಂತ ಅರ್ಥ. ಅಷ್ಟನ್ನೇ ಸ್ಕ್ರೇಪರಿನಿಂದ ಕೆರೆಯಬೇಕು. ಮತ್ತೆ ನೀಲಿ, ಮತ್ತೆ ಕೆರೆಯುವುದು. ಒಂದು ಚದರ ಇಂಚಿನಲ್ಲಿ ಎಷ್ಟು ಚುಕ್ಕೆ ಬಿತ್ತು ಅಂತ ಎಣಿಸಬೇಕು. ಇಷ್ಟು ಪುಸ್ತಕದಲ್ಲೂ ಇದೆ. ಪುಸ್ತಕ ಓದಿಕೊಂಡು ಬಂದವನು ಮೊದಲ ದಿನವೇ ಬೆಡ್ ಮೇಲೆ ಗೀರು ಹಾಕುತ್ತಾನೆ.

ನನ್ನ ಗುರುಗಳು ಮಾತೇ ಆಡುತ್ತಿರಲಿಲ್ಲ. ಹಿಂದೆ ನಿಂತು ನನ್ನ ಮೊಣಕೈ ಹಿಡಿದುಕೊಳ್ಳುತ್ತಿದ್ದರು, ಅಷ್ಟೇ. ಜಾಸ್ತಿ ಒತ್ತಿದರೆ ಹಿಡಿತ ಬಿಗಿ ಆಗುತ್ತಿತ್ತು. ಎರಡು ತಿಂಗಳು ಹಾಗೆ. ಒಂದು ದಿನ ಕೈ ಬಿಟ್ಟು ಟೀಗೆ ಹೋದರು. ಅದೇ ನನ್ನ ಸರ್ಟಿಫಿಕೇಟು.

ಅವರಿಗೆ ಕಲಿಸಿದವರೂ ಹೀಗೆಯೇ ಇದ್ದಿರಬೇಕು. ಎಚ್‌ಎಂಟಿ 1953ರಲ್ಲಿ ಶುರುವಾದಾಗ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿ ಜೊತೆಗಿತ್ತು. ಕೈಗಡಿಯಾರಕ್ಕೆ 1961ರಲ್ಲಿ ಜಪಾನಿನ ಸಿಟಿಜನ್. ಸ್ವಿಸ್ಸಿನವರಿಗೆ ಕನ್ನಡ ಬರಲ್ಲ, ನಮ್ಮ ಹುಡುಗರಿಗೆ ಜರ್ಮನ್ ಬರಲ್ಲ. ಆದರೂ ಕೆಲಸ ಕೈಯಿಂದ ಕೈಗೆ ಬಂತು. ಜಾಲಹಳ್ಳಿಯಲ್ಲಿ ಈಗ ಎಚ್‌ಎಂಟಿ ಮ್ಯೂಸಿಯಂ ಇದೆ, ಮೆಷಿನ್‌ಗಳನ್ನು ಚೆನ್ನಾಗಿ ಇಟ್ಟಿದ್ದಾರೆ. ಮೊಮ್ಮಗಳನ್ನು ಕರೆದುಕೊಂಡು ಹೋಗಿದ್ದೆ. "ತಾತ, ಇದನ್ನು ಓಡಿಸುವವರು ಎಲ್ಲಿ?" ಅಂತ ಕೇಳಿದಳು.

ಎಂಬಿಎ ಎರಡನೇ ವರ್ಷ

ನೀಲಿ ಬೆರಳು ಸರ್, ನೀವು ಹೇಳಿದ್ದನ್ನೇ ನಮಗೆ ಒಂದು ಸೆಮಿಸ್ಟರ್ ಪಾಠ ಮಾಡಿದರು. ಹಂಗೇರಿಯಲ್ಲಿ ಹುಟ್ಟಿದ ಮೈಕೆಲ್ ಪೊಲಾನಿ ಎಂಬ ವಿಜ್ಞಾನಿ ಇದಕ್ಕೆ 'ಟ್ಯಾಸಿಟ್ ನಾಲೆಜ್' (ಮಾತಿಗೆ ಸಿಗದ ಜ್ಞಾನ) ಅಂತ ಹೆಸರು ಕೊಟ್ಟರು. ನಮಗೆ ಗೊತ್ತಿರುವುದು ನಾವು ಹೇಳಬಲ್ಲದ್ದಕ್ಕಿಂತ ಜಾಸ್ತಿ ಇರುತ್ತದೆ ಅನ್ನುವುದು ಅವರ ಮಾತಿನ ಸಾರ.

ಇನ್ನೊಂದು ಉದಾಹರಣೆ ತರಗತಿಯಲ್ಲಿ ಬಂತು. ಜಪಾನಿನ ಮತ್ಸುಶಿತಾ ಕಂಪನಿಯವರು 1980ರ ದಶಕದಲ್ಲಿ ಮನೆಯಲ್ಲೇ ಬ್ರೆಡ್ ಮಾಡುವ ಯಂತ್ರ ತಯಾರಿಸುತ್ತಿದ್ದರು. ಬ್ರೆಡ್ ಸರಿಯಾಗಿ ಬರುತ್ತಿರಲಿಲ್ಲ. ಹಿಟ್ಟಿನ ಎಕ್ಸ್-ರೇ ಕೂಡ ತೆಗೆದು ನೋಡಿದರು. ಕೊನೆಗೆ ತಂಡದ ಒಬ್ಬ ಮಹಿಳೆ ಒಸಾಕಾದ ಒಂದು ಹೋಟೆಲಿನ ಮುಖ್ಯ ಬೇಕರ್ ಹತ್ತಿರ ಶಿಷ್ಯೆಯಾಗಿ ಸೇರಿಕೊಂಡರು. ಆ ಬೇಕರ್ ಹಿಟ್ಟನ್ನು ಬರೀ ನಾದುತ್ತಿರಲಿಲ್ಲ, ಎಳೆದು ತಿರುಚುತ್ತಿದ್ದರು. ಆ ತಿರುಚು ಯಂತ್ರದ ಒಳಗೆ ಬಂದ ಮೇಲೆ ಬ್ರೆಡ್ ಸರಿಹೋಯಿತು.

ನೀಲಿ ಬೆರಳು

ಅದಕ್ಕೆ ಜಪಾನಿಗೆ ಯಾಕಮ್ಮಾ ಹೋಗಬೇಕು. ಜೋಳದ ರೊಟ್ಟಿ ತಟ್ಟೋದನ್ನು ಯೂಟ್ಯೂಬ್ ನೋಡಿ ಕಲಿತ ಒಬ್ಬರನ್ನು ತೋರಿಸು ನೋಡೋಣ.

ವಾಲ್ವ್ ಕೀ

ನನ್ನ ಅಪ್ಪ ಈ ಬೆಂಗಳೂರಿನಲ್ಲೇ ನೀರು ಬಿಡುವ ಕೆಲಸದಲ್ಲಿದ್ದರು. ಉದ್ದ ಕಬ್ಬಿಣದ ಕೀ ಹಿಡಿದು, ರಸ್ತೆಯ ಮುಚ್ಚಳ ತೆಗೆದು, ವಾಲ್ವ್ ತಿರುಗಿಸುವವರು.

ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ಬರುತ್ತದೆ. ಮೂರು ಕಡೆ ಪಂಪ್ ಮಾಡಿ ಸುಮಾರು 500 ಮೀಟರ್ ಮೇಲಕ್ಕೆ ಎತ್ತುತ್ತಾರೆ. ಮೊದಲ ಹಂತ 1974ರಲ್ಲೇ ಆಯಿತು. ಐದನೆಯದು 2024ರ ಅಕ್ಟೋಬರಿನಲ್ಲಿ ಶುರುವಾಯಿತು, ದಿನಕ್ಕೆ 77.5 ಕೋಟಿ ಲೀಟರ್. ಇಷ್ಟು ದೊಡ್ಡ ವ್ಯವಸ್ಥೆ. ಆದರೆ ಆ ನೀರು ನಮ್ಮ ಬೀದಿಯ ಮೂರನೇ ಅಡ್ಡರಸ್ತೆಗೆ ಬರಬೇಕಾದರೆ ಕೊನೆಯ ವಾಲ್ವನ್ನು ಎಷ್ಟು ಸುತ್ತು ತಿರುಗಿಸಬೇಕು ಅನ್ನುವುದು ಅಪ್ಪನ ತಲೆಯಲ್ಲಿತ್ತು. ಒಂದು ಕಡೆ ಹನ್ನೊಂದು ಸುತ್ತು. ಹನ್ನೆರಡು ಹಾಕಿದರೆ ತಗ್ಗಿನ ಮನೆಗಳೇ ಎಲ್ಲ ಎಳೆದುಕೊಂಡು ಏರಿನಲ್ಲಿರುವವರಿಗೆ ಬರೀ ಗಾಳಿ. ಒಂದು ವಾಲ್ವ್ ಉಲ್ಟಾ ತಿರುಗುತ್ತಿತ್ತು. ಇನ್ನೊಂದರ ಮೇಲೆ ಟಾರ್ ಬಿದ್ದು ಮುಚ್ಚಿಹೋಗಿತ್ತು. ಬೇಕರಿ ಕಂಬದಿಂದ ನಾಲ್ಕು ಹೆಜ್ಜೆ ಅಂತ ಅಪ್ಪ ಗುರುತು ಇಟ್ಟುಕೊಂಡಿದ್ದರು. ಬೇಕರಿ ಮುಚ್ಚಿದಾಗ ನಿಜವಾಗಲೂ ಬೇಜಾರು ಮಾಡಿಕೊಂಡರು. ಬನ್ನಿಗಾಗಿ ಅಲ್ಲ.

ಅವರು ನಿವೃತ್ತರಾಗುವ ಮುಂಚೆ ಒಬ್ಬ ಹುಡುಗನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಮೂರು ತಿಂಗಳು ಸುತ್ತಿದರು. ಯಾರೂ ಆರ್ಡರ್ ಮಾಡಿರಲಿಲ್ಲ. ಪೆಟ್ರೋಲ್ ಅವರದ್ದೇ. ನಾನು ಕೇಳಿದ್ದಕ್ಕೆ, "ನಾಳೆ ನೀರು ಬರಲಿಲ್ಲ ಅಂದ್ರೆ ಜನ ಬಯ್ಯೋದು ನಮ್ಮ ಮನೆ ಬಾಗಿಲಿಗೆ ಬಂದೇ ಅಲ್ವಾ" ಎಂದರು. ನಾವೂ ಅದೇ ಏರಿಯಾದಲ್ಲಿ ಇದ್ದೆವು.

ಹಿಂದಿನ ಬೆಂಚು

ಎಲ್ಲರೂ ಸಿಹಿ ಕಥೆ ಹೇಳುತ್ತಿದ್ದೀರಿ. ನಾನು ಸ್ವಲ್ಪ ಖಾರ ಹೇಳುತ್ತೇನೆ.

ಗೊತ್ತಿರುವುದನ್ನು ಹೇಳಿಕೊಟ್ಟವನಿಗೆ ಏನು ಸಿಗುತ್ತದೆ? ನಾನು ಒಂದು ಕಡೆ ಖರೀದಿ ವಿಭಾಗದಲ್ಲಿದ್ದೆ. ಟೆಂಡರ್ ಎಲ್ಲೆಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಅಂತ 40 ಪುಟ ಬರೆದೆ, ಭಾನುವಾರಗಳಲ್ಲಿ ಕೂತು. ಮೇಲಿನವರು ತಮ್ಮ ಹೆಸರು ಹಾಕಿ ಪ್ರೆಸೆಂಟೇಷನ್ ಮಾಡಿದರು. ನನಗೆ ಸಿಕ್ಕಿದ್ದು ಇನ್ನೂ ಎರಡು ಸೆಕ್ಷನ್ನಿನ ಕೆಲಸ, "ನಿನಗೆ ಹೇಗೂ ಗೊತ್ತಲ್ಲ" ಅಂತ. ನಮ್ಮಲ್ಲಿ ಕೆಲಸ ಬರುವವನಿಗೆ ಕೆಲಸ, ಬಾರದವನಿಗೆ ರಜೆ.

ಬಡ್ತಿ ಸೀನಿಯಾರಿಟಿ ಮೇಲೆ ಆಗುವಲ್ಲಿ ಹೇಳಿಕೊಡುವುದಕ್ಕೆ ಅಂಕ ಎಲ್ಲಿದೆ? ಹಾಗಿದ್ದಾಗ ಒಂದು ವಿಷಯ ನನಗೊಬ್ಬನಿಗೇ ಗೊತ್ತು ಅನ್ನುವುದೇ ನನ್ನ ಬೆಲೆ. ದೂರದ ಊರಿಗೆ ಎತ್ತಿಹಾಕುವ ಮುಂಚೆ ಎರಡು ಸಲ ಯೋಚಿಸುತ್ತಾರೆ. ಇದನ್ನು ಸ್ವಾರ್ಥ ಅನ್ನಿ. ನಾನು ಇನ್ಶೂರೆನ್ಸ್ ಅನ್ನುತ್ತೇನೆ.

ಟಪಾಲು ಸೆಕ್ಷನ್

ಒಪ್ಪುತ್ತೇನೆ. ಆದರೆ ಆ ಇನ್ಶೂರೆನ್ಸ್ ಕಂತು ಕಟ್ಟುವವರು ಕೌಂಟರ್ ಮುಂದೆ ನಿಂತ ಜನ. ನೀವು ರಜೆ ಹಾಕಿದ ದಿನ ಅವರು ವಾಪಸ್ ಹೋಗುತ್ತಾರೆ.

ಹಿಂದಿನ ಬೆಂಚು

ಅದಕ್ಕೇ ರಜೆ ಹಾಕಲ್ಲ ಮೇಡಂ 😀

ಸೆಂಟ್ರಲ್ ರೋಲ್ಸ್

ಆಡಳಿತದ ಕಡೆಯಿಂದ ಒಂದು ಮಾತು. ಹಿಂದಿನ ಬೆಂಚು ಅವರೇ, ನೀವು ಹೇಳುವ 'ನನಗೊಬ್ಬನಿಗೇ ಗೊತ್ತು' ಬೇರೆ ಕಡೆ ಅಪಾಯವೂ ಆಗುತ್ತದೆ. ಅದಕ್ಕೇ ಕೇಂದ್ರ ವಿಚಕ್ಷಣ ಆಯೋಗ ಸೂಕ್ಷ್ಮ ಹುದ್ದೆಯಲ್ಲಿ ಒಬ್ಬರನ್ನು ಮೂರು ವರ್ಷಕ್ಕಿಂತ ಜಾಸ್ತಿ ಇಡಬೇಡಿ ಅನ್ನುತ್ತದೆ. ಖರೀದಿ, ಬಿಲ್ಲು, ನೇಮಕಾತಿ ಇಲ್ಲೆಲ್ಲ ಅದು ಬೇಕು. ಆದರೆ ನಷ್ಟವೂ ಅಲ್ಲೇ ಇದೆ. ಭ್ರಷ್ಟಾಚಾರದ ಬೇರು ಕೀಳಲು ಹೋದಾಗ ಅನುಭವದ ಬೇರೂ ಜೊತೆಗೆ ಬರುತ್ತದೆ. ವರ್ಗಾವಣೆ ಮಾಡಲಿ, ಬೇಡ ಅನ್ನುವುದಿಲ್ಲ. ಹೊಸಬರು ಬಂದು ಹದಿನೈದು ದಿನ ಹಳಬರ ಜೊತೆ ಕೂತ ಮೇಲೆ ಬಿಡುಗಡೆ ಮಾಡಲಿ. ನನ್ನ ಸರ್ವಿಸ್‌ನಲ್ಲಿ ಅದು ಎರಡೇ ಸಲ ಆಗಿದೆ. ಒಂದೇ ಕುರ್ಚಿಗೆ ಇಬ್ಬರಿಗೆ ಸಂಬಳ ಹೇಗೆ ಅಂತ ಲೆಕ್ಕದವರು ಕೇಳುತ್ತಾರೆ.

ಒಟ್ಟಿಗೆ ಹೋದರೆ ಇನ್ನೂ ಕಷ್ಟ. ಬಿಎಸ್‌ಎನ್‌ಎಲ್‌ನಲ್ಲಿ ಸ್ವಯಂ ನಿವೃತ್ತಿ ತೆಗೆದುಕೊಂಡ ಸುಮಾರು 78 ಸಾವಿರ ಜನ 2020ರ ಜನವರಿ 31ರಂದು, ಒಂದೇ ದಿನ, ಕೆಲಸ ಬಿಟ್ಟರು. ಸಂಬಳದ ಭಾರ ಎಷ್ಟು ಇಳಿಯಿತು ಅನ್ನುವುದಕ್ಕೆ ಲೆಕ್ಕ ಇರುತ್ತದೆ. ಅಷ್ಟು ತಲೆಗಳ ಜೊತೆ ಏನೇನು ಹೊರಗೆ ಹೋಯಿತು ಅನ್ನುವುದನ್ನು ಯಾವ ಪುಸ್ತಕದಲ್ಲಿ ಬರೆಯುತ್ತೀರಿ?

ಈಗ ಸರ್ಕಾರಿ ನೌಕರರ ತರಬೇತಿಗೆ ಮಿಷನ್ ಕರ್ಮಯೋಗಿ ಇದೆ, 2020ರಲ್ಲಿ ಕೇಂದ್ರ ಸಂಪುಟ ಒಪ್ಪಿದ್ದು. ಅದರ ಐಗಾಟ್ ಪೋರ್ಟಲ್‌ನಲ್ಲಿ ಆನ್‌ಲೈನ್ ಕೋರ್ಸು ಮಾಡಬಹುದು. ನಿಯಮ, ಕಚೇರಿ ಪದ್ಧತಿ ಕಲಿಯಲು ಒಳ್ಳೆಯದೇ, ನಾನೂ ಮಾಡಿದ್ದೇನೆ. ಫರ್ನೆಸ್ ಅಲ್ಲಿ ಸಿಗುವುದಿಲ್ಲ.

ಹೊರಗುತ್ತಿಗೆ

ನಾನು ಒಂದೇ ಕಚೇರಿಯಲ್ಲಿ ಒಂಬತ್ತು ವರ್ಷದಿಂದ ಡೇಟಾ ಎಂಟ್ರಿ. ಈ ಅವಧಿಯಲ್ಲಿ ಐದು ಸಾಹೇಬರು ಬಂದು ಹೋದರು. ಪ್ರತಿಯೊಬ್ಬರಿಗೂ ಸಾಫ್ಟ್‌ವೇರ್ ತೋರಿಸಿಕೊಟ್ಟವಳು ನಾನು. ತರಬೇತಿಗೆ ಕಾಯಂ ನೌಕರರ ಹೆಸರು ಮಾತ್ರ ಹೋಗುತ್ತದೆ. ನನಗೆ ಲಾಗಿನ್ ಇಲ್ಲ, ಬೇರೆಯವರ ಲಾಗಿನ್ನಿನಲ್ಲಿ ಕೆಲಸ. ಏಜೆನ್ಸಿ ಟೆಂಡರ್ ಬದಲಾದರೆ ನಾನು ನಾಳೆ ಇರುವುದಿಲ್ಲ.

ಜ್ಞಾನ ಹಸ್ತಾಂತರದ ನಮೂನೆ ನನಗೆ ಯಾರೂ ಕೊಡುವುದಿಲ್ಲ. ಅವರ ಪಟ್ಟಿಯಲ್ಲಿ ನಾನು 'ಸೇವೆ', ಖರೀದಿ ಮಾಡಿದ್ದು.

ಫರ್ನೆಸ್ ಅಣ್ಣ, ನಿಮ್ಮ ಶಾಪಿನಲ್ಲಿ ಕಾಂಟ್ರ್ಯಾಕ್ಟ್ ಹುಡುಗರು ಇದ್ದಾರಾ? ಅವರನ್ನೂ ಕೇಳಿ. ಫೋರ್‌ಮನ್ ಏನು ಮಾಡುತ್ತಾರೆ ಅನ್ನುವುದನ್ನು ದಿನಾ ನೋಡುವವರು ಅವರೇ.

ಮಾಡರೇಟರ್

ಚರ್ಚೆ ಚೆನ್ನಾಗಿದೆ. ಒಂದೇ ವಿನಂತಿ: ಕಚೇರಿ, ವ್ಯಕ್ತಿಗಳ ಹೆಸರು ಬೇಡ. ರಕ್ಷಣಾ ಉದ್ದಿಮೆಯವರು ಒಳಗಿನ ಡ್ರಾಯಿಂಗ್, ಉತ್ಪನ್ನದ ವಿವರ ಹಾಕಬೇಡಿ. ಅಧಿಕೃತ ರಹಸ್ಯ ಕಾಯ್ದೆ 1923ರದ್ದಾದರೂ ಇನ್ನೂ ಜೀವಂತ ಇದೆ.

ಫರ್ನೆಸ್ ಪಕ್ಕದವನು

ಹತ್ತು ದಿನದ ನಂತರ ಬರೆಯುತ್ತಿದ್ದೇನೆ. ಹೊರಗುತ್ತಿಗೆ ಮೇಡಂ, ನಿಮಗೆ ಒಂದು ಕಾಫಿ ಬಾಕಿ ಇದೆ.

ಎಕ್ಸೆಲ್ ಪಕ್ಕಕ್ಕಿಟ್ಟು ನಮ್ಮ ಕಾಂಟ್ರ್ಯಾಕ್ಟ್ ಹೆಲ್ಪರನ್ನು ಕೇಳಿದೆ. ಅವನು ಒಂದೇ ಮಾತು ಹೇಳಿದ: "ಸೋಮವಾರ ಬೇಗ ಬನ್ನಿ ಸರ್, ಒಗ್ಗರಣೆ ಹಾಕೋದು ನೋಡಿ."

ಸೋಮವಾರ ಆರೂವರೆಗೆ ಹೋದೆ. ಫೋರ್‌ಮನ್ ಒಂದು ಕಬ್ಬಿಣದ ತಟ್ಟೆಯನ್ನು ಹೀಟರ್ ಮೇಲಿಟ್ಟಿದ್ದರು. ಕ್ವೆಂಚ್ ಟ್ಯಾಂಕಿನ ತಳದಿಂದ ಸ್ವಲ್ಪ ಎಣ್ಣೆ ತೆಗೆದು, ಬಿಸಿ ತಟ್ಟೆ ಮೇಲೆ ಎರಡು ಹನಿ ಬಿಟ್ಟು, ಕಿವಿ ಹತ್ತಿರ ತಂದರು. ಸುಮ್ಮನೆ ಹರಡಿತು. "ಒಗ್ಗರಣೆ ಇಲ್ಲ, ಹಾಕು ಬ್ಯಾಚು" ಎಂದರು.

ವಿಷಯ ಇಷ್ಟು. ಕೆಂಪಗೆ ಕಾದ ಪಾರ್ಟನ್ನು ಎಣ್ಣೆಯಲ್ಲಿ ಮುಳುಗಿಸಿ ಗಟ್ಟಿ ಮಾಡುತ್ತೇವೆ. ಆ ಎಣ್ಣೆಯಲ್ಲಿ ನೀರು ಸೇರಿದರೆ ಪಾರ್ಟ್ ಬಿರುಕು ಬಿಡಬಹುದು. ನೀರು ಆವಿಯಾಗಿ ಎಣ್ಣೆ ಉಕ್ಕಿದರೆ ಬೆಂಕಿಯೂ ಹತ್ತಬಹುದು. ಬಿಸಿ ತಟ್ಟೆ ಮೇಲೆ ಹನಿ ಚಟಪಟ ಅಂದರೆ ನೀರು ಇದೆ ಅಂತ ಅರ್ಥ, ಸಾಸಿವೆ ಸಿಡಿದ ಹಾಗೆ. ಇದಕ್ಕೆ ಕ್ರ್ಯಾಕಲ್ ಟೆಸ್ಟ್ ಅಂತ ಹೆಸರಿದೆ, ನಾನೂ ಓದಿದ್ದೆ. ನಮ್ಮ ಲ್ಯಾಬ್ ತಿಂಗಳಿಗೆ ಒಂದು ಸಲ ಸ್ಯಾಂಪಲ್ ತೆಗೆದು ನೋಡುತ್ತದೆ. ಎಸ್‌ಒಪಿಯಲ್ಲೂ (ಕೆಲಸ ಮಾಡಬೇಕಾದ ಕ್ರಮ ಬರೆದ ಹಾಳೆ) ಹಾಗೇ ಇದೆ.

ಆದರೆ ಇವರು ಸೋಮವಾರವೇ ಯಾಕೆ ಮಾಡುತ್ತಾರೆ? ಕೇಳಿದೆ. ಎಣ್ಣೆ ತಣ್ಣಗಾಗಿಸುವ ಕೂಲರಿನಲ್ಲಿ ಒಂದು ಕಡೆ ಎಣ್ಣೆ, ಇನ್ನೊಂದು ಕಡೆ ನೀರು. ಪಂಪ್ ಓಡುವಾಗ ಎಣ್ಣೆಯ ಒತ್ತಡ ಜಾಸ್ತಿ. ಕೊಳವೆಯಲ್ಲಿ ಸೂಜಿಯಷ್ಟು ತೂತಿದ್ದರೂ ಎಣ್ಣೆ ನೀರಿಗೆ ಹೋಗುತ್ತದೆಯೇ ಹೊರತು ನೀರು ಎಣ್ಣೆಗೆ ಬರುವುದಿಲ್ಲ. ಭಾನುವಾರ ಪಂಪ್ ಬಂದ್. ನೀರು ಮಾತ್ರ ಓವರ್‌ಹೆಡ್ ಟ್ಯಾಂಕಿನಿಂದ ಒತ್ತುತ್ತಲೇ ಇರುತ್ತದೆ. ಹಾಗಾಗಿ ನೀರು ಎಣ್ಣೆಗೆ ಇಳಿಯುವುದು ಭಾನುವಾರ ರಾತ್ರಿ. ಗೊತ್ತಾಗಬೇಕಾದದ್ದು ಸೋಮವಾರ ಬೆಳಗ್ಗೆ, ಮೊದಲ ಬ್ಯಾಚಿಗೆ ಮುಂಚೆ.

"ಸರ್, ಇದನ್ನು ಯಾಕೆ ಹೇಳಲಿಲ್ಲ?" ಎಂದೆ. "ಇದೇನು ಹೇಳೋ ವಿಷಯಾನಾ?" ಎಂದರು. ಅವರಿಗೆ ಅದು ಚಪ್ಪಲಿ ಬಿಟ್ಟು ಒಳಗೆ ಬಂದಷ್ಟೇ ಸಹಜ.

ನೀಲಿ ಬೆರಳು

ಭೇಷ್! ಈಗ ದಾರಿಗೆ ಬಂದಿರಿ.

ಇನ್ನೊಂದು ನೆನಪಾಯಿತು. ನಮ್ಮ ಕಾಲದಲ್ಲಿ ಇಂಥ ವಿಷಯ ಅರ್ಧ ಓಡಾಡಿದ್ದು ಕಂಪನಿ ಬಸ್ಸಿನಲ್ಲಿ. ಮಲ್ಲೇಶ್ವರದಲ್ಲಿ ಹತ್ತಿದರೆ ಜಾಲಹಳ್ಳಿ ತನಕ ಪಕ್ಕದಲ್ಲಿ ಯಾರು ಕೂರುತ್ತಾರೋ ಅವರೇ ಮೇಷ್ಟ್ರು. ಟೂಲ್ ರೂಮಿನವರು, ಫೌಂಡ್ರಿಯವರು, ಸ್ಟೋರ್ಸಿನವರು, ಎಲ್ಲ ಒಂದೇ ಬಸ್ಸು. "ನಿಮ್ಮ ಎರಕ ಈ ಸಲ ತೂತು ತೂತು" ಅಂತ ಜಗಳ ಆಡುತ್ತಲೇ ಕಾರಣ ತಿಳಿಯುತ್ತಿತ್ತು. ಈಗ ಎಲ್ಲರೂ ಬೈಕು, ಕಾರು. ಬಸ್ಸಿನಲ್ಲಿ ಕೂತವರ ಕಿವಿಯಲ್ಲೂ ಏನೋ ಸಿಕ್ಕಿಸಿರುತ್ತಾರೆ.

ಸೆಂಟ್ರಲ್ ರೋಲ್ಸ್

ಫರ್ನೆಸ್ ಅವರೇ, ಬರೆಯುವಾಗ ಒಂದು ಸಲಹೆ. ಕನ್ನಡದಲ್ಲೇ ಬರೆಯಿರಿ, ಅವರು ಹೇಳಿದ ಹಾಗೆಯೇ. ನಾನು ನೋಡಿದ ಎಸ್‌ಒಪಿಗಳೆಲ್ಲ ಇಂಗ್ಲಿಷು. ಶಾಪಿನಲ್ಲಿ ಮಾತು ಕನ್ನಡ, ತಮಿಳು, ಈಗ ಹಿಂದಿ. ಗೋಡೆ ಮೇಲೆ ಲ್ಯಾಮಿನೇಟ್ ಮಾಡಿದ ಇಂಗ್ಲಿಷ್ ಹಾಳೆಯನ್ನು ಆಡಿಟರ್ ಒಬ್ಬರೇ ಓದುತ್ತಾರೆ.

ಫರ್ನೆಸ್ ಪಕ್ಕದವನು

ಹಾಗೇ ಮಾಡಿದೆ ಸರ್. ಉಳಿದ ಹತ್ತು ದಿನ ಕೇಳುವುದನ್ನು ಬಿಟ್ಟು ಬೆಳಗ್ಗೆಯಿಂದ ಸಂಜೆ ತನಕ ಅವರ ಹಿಂದೆ ನಡೆದೆ. 200 ಪುಟದ ನೋಟ್‌ಬುಕ್ಕಿನಲ್ಲಿ 31 ಪುಟ ತುಂಬಿತು. ಅದು ಹೊರಗೆ ಬರುವ ಹಾಗಿಲ್ಲ, ಶಾಪಿನ ಬೀರುವಿನಲ್ಲೇ ಇದೆ. ಎಕ್ಸೆಲ್‌ನಲ್ಲಿ 'ವಿಶೇಷ ಪರೀಕ್ಷೆಗಳು' ಕಾಲಂನಲ್ಲಿ "ಪ್ರತಿ ಸೋಮವಾರ ಒಗ್ಗರಣೆ" ಅಂತ ಹಾಕಿದ್ದೆ. ಎಚ್‌ಆರ್‌ನವರು ಇದು ಕ್ಯಾಂಟೀನಿಗೆ ಸಂಬಂಧಿಸಿದ್ದಾ ಅಂತ ಕೇಳಿ ವಾಪಸ್ ಕಳಿಸಿದ್ದಾರೆ.

ಹಿಂದಿನ ಬೆಂಚು

ಇವತ್ತಿಡೀ ನಗುತ್ತಾ ಇದ್ದೆ. ನೀರಿನ ಕೂಲರ್ ತೆಗೆದು ಗಾಳಿಯ ಕೂಲರ್ ಹಾಕಿಸಿ ಮಾರಾಯರೇ, ಮೂಲವೇ ಹೋಗುತ್ತದೆ.

ಫರ್ನೆಸ್ ಪಕ್ಕದವನು

ಪ್ರಸ್ತಾವ ಹೋಗಿದೆ. ಖರೀದಿ ವಿಭಾಗದಲ್ಲಿದೆ. ಅಲ್ಲಿ ಎಲ್ಲೆಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಅಂತ ನೀವು ಬರೆದ 40 ಪುಟ ಇದ್ದರೆ ಕಳಿಸಿ 🙂

ಹಿಂದಿನ ಬೆಂಚು

ಇನ್‌ಬಾಕ್ಸ್ ನೋಡಿ. ಆ ಕಂಪನಿಯ ಹೆಸರು, ಅಂಕಿಸಂಖ್ಯೆ ತೆಗೆದಿದ್ದೇನೆ. ನನ್ನ ಹೆಸರು ಇಟ್ಟಿದ್ದೇನೆ.

ಫರ್ನೆಸ್ ಪಕ್ಕದವನು

ಒಂದೂವರೆ ತಿಂಗಳಾದ ಮೇಲೆ. ಫೋರ್‌ಮನ್ ನಿವೃತ್ತರಾದರು. ಹಾರ, ಶಾಲು, ಮೈಸೂರು ಪಾಕು ಎಲ್ಲ ಆಯಿತು. ಹೋದ ವಾರ ಎರಡನೇ ಫರ್ನೆಸ್ ಬಾಗಿಲಿನ ಹತ್ತಿರ ಬಣ್ಣ ಸರಿ ಬರುತ್ತಿರಲಿಲ್ಲ, ನೋಟ್‌ಬುಕ್ಕಿನಲ್ಲೂ ಸಿಗಲಿಲ್ಲ. ಫೋನ್ ಮಾಡಿದೆ, ಬಂದೇಬಿಟ್ಟರು. ಗೇಟಿನಲ್ಲಿ ವಿಸಿಟರ್ ಪಾಸ್ ಆಗಲು ಒಂದೂವರೆ ಗಂಟೆ. ಭೇಟಿಯ ಉದ್ದೇಶ ಅನ್ನುವಲ್ಲಿ ಏನು ಬರೆಯಬೇಕು ಅಂತ ಸೆಕ್ಯುರಿಟಿಯವರಿಗೂ ಗೊತ್ತಾಗಲಿಲ್ಲ. ಕೊನೆಗೆ 'ವೈಯಕ್ತಿಕ' ಅಂತ ಬರೆದರು.

ಒಳಗೆ ಬಂದು ಬಾಗಿಲಿನ ಸೀಲ್ ಮುಟ್ಟಿ ನೋಡಿ, ಐದು ನಿಮಿಷದಲ್ಲಿ ಹೇಳಿದರು. ಈ ಸಲ ಅವರು ಮಾತಾಡುವಾಗ ಪೆನ್ನು ಹಿಡಿದಿದ್ದವನು ನಮ್ಮ ಹೆಲ್ಪರ್. ಈ ಸೋಮವಾರ ನಾನು ಆರೂಮುಕ್ಕಾಲಿಗೆ ಹೋದರೆ ಅವನಾಗಲೇ ತಟ್ಟೆ ಬಿಸಿ ಮಾಡಿಕೊಂಡಿದ್ದ.

ಈಗ ಒಂದು ಪ್ರಶ್ನೆ. ನಿವೃತ್ತರಾದವರನ್ನು ತಿಂಗಳಿಗೆ ಎರಡು ದಿನ ಕರೆಸಿ ಗೌರವಧನ ಕೊಡಲು ನಿಮ್ಮ ಯಾರಲ್ಲಾದರೂ ಆದೇಶ ಇದೆಯಾ? ಇದ್ದರೆ ಅದರ ನಮೂನೆ ಹೇಗಿದೆ? ನಮ್ಮ ಹೆಲ್ಪರನ ಕಾಂಟ್ರ್ಯಾಕ್ಟ್ ಮಾರ್ಚಿಗೆ ಮುಗಿಯುತ್ತದೆ, ಅದಕ್ಕೂ ಏನಾದರೂ ದಾರಿ ಇದ್ದರೆ ಹೇಳಿ.

ಟಪಾಲು ಸೆಕ್ಷನ್

ಮೊದಲನೆಯದಕ್ಕೆ ನಮ್ಮಲ್ಲಿ ಹಳೆಯ ಆದೇಶ ಒಂದಿದೆ, ನಾಳೆ ಹುಡುಕಿ ಹೇಳುತ್ತೇನೆ. ಎರಡನೆಯದನ್ನು ಹೊರಗುತ್ತಿಗೆ ಮೇಡಂ ಅವರನ್ನೇ ಕೇಳಬೇಕು.

ಹೊರಗುತ್ತಿಗೆ

ಟೆಂಡರ್ ಷರತ್ತಿನಲ್ಲಿ "ಇದೇ ಕೆಲಸದಲ್ಲಿ ಅನುಭವ ಇರುವ ಸಿಬ್ಬಂದಿಯನ್ನು ಮುಂದುವರಿಸುವುದು" ಅಂತ ಒಂದು ಸಾಲು ಸೇರಿಸಲು ಆಗುತ್ತದಾ ನೋಡಿ ಅಣ್ಣ. ಟೆಂಡರ್ ಕರೆಯುವ ಮುಂಚೆ ಆಗಬೇಕು. ಆಮೇಲೆ ಆಗಲ್ಲ. ನಮ್ಮಲ್ಲಿ ನವೆಂಬರ್‌ನಲ್ಲೇ ಡ್ರಾಫ್ಟ್ ಹೋಗುತ್ತದೆ.